ಸ್ವಾಟ್ ತಂತ್ರಾಂಶ: ಜಲಾನಯನವನ್ನು ಎಷ್ಟು ಸಣ್ಣದಾಗಿ ವಿಂಗಡಿಸಿದರೆ ಲೆಕ್ಕ ಕೂಡಿಬರುತ್ತದೆ?

ಒಂದು ಜಲಾನಯನ ಪ್ರದೇಶದಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ಇಂಗಿತು, ಎಷ್ಟು ಆವಿಯಾಯಿತು, ಎಷ್ಟು ಹರಿದು ಹೊಳೆ ಸೇರಿತು, ಹರಿಯುವಾಗ ಎಷ್ಟು ಮಣ್ಣನ್ನೂ ಎಷ್ಟು ಗೊಬ್ಬರದ ಅಂಶವನ್ನೂ ಕೊಚ್ಚಿಕೊಂಡು ಹೋಯಿತು ಎಂಬುದನ್ನು ದಿನದಿನದ ಲೆಕ್ಕವಾಗಿ ಹೇಳುವ ತಂತ್ರಾಂಶಗಳಲ್ಲಿ ಸ್ವಾಟ್ (ಸಾಯಿಲ್ ಅಂಡ್ ವಾಟರ್ ಅಸೆಸ್‌ಮೆಂಟ್ ಟೂಲ್) ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವಂಥದ್ದು. ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ವಿಭಾಗಕ್ಕಾಗಿ ಜೆಫ್ ಆರ್ನಾಲ್ಡ್ ಅವರು 1990ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನ ಟೆಂಪಲ್‌ನಲ್ಲಿ ರೂಪಿಸಿದ ಈ ಮಾದರಿಯನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದರ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಅದರ ಗುಣದೋಷಗಳನ್ನು ಹಲವು ಕೋನಗಳಿಂದ ತೂಗಬಹುದಾದರೂ ಈ ವಿಮರ್ಶೆ ಒಂದೇ ಪ್ರಶ್ನೆಯನ್ನು ಹಿಡಿದು ಸಾಗುತ್ತದೆ. ನೆಲದ ವಿವರವನ್ನು ಹೆಚ್ಚು ಹೆಚ್ಚು ಸೂಕ್ಷ್ಮವಾಗಿ ಕೊಟ್ಟಷ್ಟೂ ಸ್ವಾಟ್‌ನ ಉತ್ತರ ಸತ್ಯಕ್ಕೆ ಹತ್ತಿರವಾಗುತ್ತದೆಯೇ? ಮಾದರಿಯನ್ನು ಕಟ್ಟಲು ಕುಳಿತ ಪ್ರತಿಯೊಬ್ಬರೂ ಮೊದಲ ಗಂಟೆಯಲ್ಲೇ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಆದರೆ ಬಹಳಷ್ಟು ಜನ ತಂತ್ರಾಂಶ ತಾನಾಗಿ ಸೂಚಿಸುವ ಅಂಕಿಯನ್ನು ಒಪ್ಪಿಕೊಂಡು ಮುಂದೆ ಹೋಗಿಬಿಡುತ್ತಾರೆ. ಮುಂದೆ ಬರುವ ಎಲ್ಲ ಫಲಿತಾಂಶಗಳ ಮೇಲೂ ಆ ಒಂದು ಒಪ್ಪಿಗೆಯ ನೆರಳು ಬೀಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ವಾಟ್ ನೆಲವನ್ನು ಎರಡು ಹಂತಗಳಲ್ಲಿ ವಿಂಗಡಿಸುತ್ತದೆ. ಮೊದಲ ಹಂತದಲ್ಲಿ ಡಿಜಿಟಲ್ ಎತ್ತರ ನಕ್ಷೆಯನ್ನು ಓದಿ, ನೀರು ಯಾವ ಕಡೆಗೆ ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ, ತೊರೆಗಳ ಜಾಲವನ್ನು ಗುರುತಿಸಿ, ಇಡೀ ಪ್ರದೇಶವನ್ನು ಉಪಜಲಾನಯನಗಳಾಗಿ ಭಾಗ ಮಾಡುತ್ತದೆ. ಎಷ್ಟು ವಿಸ್ತೀರ್ಣದ ನೀರು ಒಂದೆಡೆ ಸೇರಿದರೆ ಅಲ್ಲಿಂದ ತೊರೆ ಆರಂಭವಾಯಿತೆಂದು ಎಣಿಸಬೇಕು ಎಂಬ ಮಿತಿಯನ್ನು ಬಳಕೆದಾರರೇ ನಿಗದಿಪಡಿಸಬೇಕು. ಮಿತಿ ಚಿಕ್ಕದಾದಷ್ಟೂ ತೊರೆಗಳೂ ಉಪಜಲಾನಯನಗಳೂ ಹೆಚ್ಚುತ್ತವೆ. ಎರಡನೇ ಹಂತದಲ್ಲಿ, ಪ್ರತಿ ಉಪಜಲಾನಯನದೊಳಗೆ ಒಂದೇ ಬಗೆಯ ಭೂಬಳಕೆ, ಒಂದೇ ಬಗೆಯ ಮಣ್ಣು ಮತ್ತು ಒಂದೇ ವರ್ಗದ ಇಳಿಜಾರು ಇರುವ ಜಾಗಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಘಟಕ ಮಾಡಲಾಗುತ್ತದೆ. ಇದನ್ನೇ ಬಳಕೆದಾರರು ಎಚ್‌ಆರ್‌ಯು (ಹೈಡ್ರೊಲಾಜಿಕ್ ರೆಸ್ಪಾನ್ಸ್ ಯೂನಿಟ್) ಎಂದು ಕರೆಯುತ್ತಾರೆ. ಇಲ್ಲಿ ಗಮನಿಸಲೇಬೇಕಾದ ಸಂಗತಿಯೆಂದರೆ, ಎಚ್‌ಆರ್‌ಯುಗೆ ವಿಸ್ತೀರ್ಣವಿದೆ, ಆದರೆ ಸ್ಥಾನವಿಲ್ಲ. ಗುಡ್ಡದ ನೆತ್ತಿಯಲ್ಲಿರುವ ಜೋಳದ ಹೊಲವೂ ಹೊಳೆಯ ದಂಡೆಯಲ್ಲಿರುವ ಜೋಳದ ಹೊಲವೂ ಮಣ್ಣು ಮತ್ತು ಇಳಿಜಾರು ಒಂದೇ ಆಗಿದ್ದರೆ ಒಂದೇ ಘಟಕದೊಳಗೆ ಸೇರಿಹೋಗುತ್ತವೆ. ಒಂದು ಎಚ್‌ಆರ್‌ಯುನಿಂದ ಹೊರಟ ನೀರು ಇನ್ನೊಂದರ ಮೇಲೆ ಹರಿದು ಅಲ್ಲಿ ಇಂಗುವುದಿಲ್ಲ. ಎಲ್ಲ ಘಟಕಗಳ ನೀರನ್ನೂ ಕೂಡಿಸಿ ನೇರವಾಗಿ ಆ ಉಪಜಲಾನಯನದ ಹೊಳೆಗೆ ಸೇರಿಸಲಾಗುತ್ತದೆ. ಆದ್ದರಿಂದ ಸ್ವಾಟ್‌ನ ಮೂಲ ಆವೃತ್ತಿಯಲ್ಲಿ 'ಎಲ್ಲಿ' ಎಂಬ ಪ್ರಶ್ನೆಗೆ ಉಪಜಲಾನಯನದ ಮಟ್ಟದಲ್ಲಿ ಮಾತ್ರ ಉತ್ತರವಿದೆ, ಅದಕ್ಕಿಂತ ಕೆಳಗೆ ಇರುವುದು 'ಎಷ್ಟು' ಎಂಬುದು ಮಾತ್ರ.

ಈ ಏರ್ಪಾಡು ದೋಷವೆಂದು ಕೂಡಲೇ ತೀರ್ಮಾನಿಸುವುದು ಸರಿಯಲ್ಲ. ವಿಸ್ತೀರ್ಣದ ಲೆಕ್ಕವನ್ನಾದರೂ ಬೇರೆಬೇರೆಯಾಗಿ ಇಟ್ಟುಕೊಂಡಿರುವುದರಿಂದ ಸ್ವಾಟ್‌ಗೆ ಆಗುವ ಲಾಭ ದೊಡ್ಡದು. ಅದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಮೇಲ್ಮೈ ಹರಿವನ್ನು ಕಂಡುಹಿಡಿಯಲು ಸ್ವಾಟ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಕರ್ವ್ ನಂಬರ್ ವಿಧಾನವನ್ನು. ಮಣ್ಣು ಮತ್ತು ಭೂಬಳಕೆಗೆ ತಕ್ಕಂತೆ ನೆಲಕ್ಕೆ ಒಂದು ಅಂಕಿಯನ್ನು ಕೊಡಲಾಗುತ್ತದೆ. ಅಂಕಿ 100ಕ್ಕೆ ಹತ್ತಿರವಾದಷ್ಟೂ ಇಂಗುವುದು ಕಡಿಮೆ, ಹರಿಯುವುದು ಹೆಚ್ಚು. ಒಂದು ಉಪಜಲಾನಯನದಲ್ಲಿ ಅರ್ಧ ಭಾಗದ ಅಂಕಿ 60, ಇನ್ನರ್ಧದ ಅಂಕಿ 90 ಎಂದಿಟ್ಟುಕೊಳ್ಳೋಣ. ಒಂದೇ ದಿನ 50 ಮಿಲಿಮೀಟರ್ ಮಳೆಯಾದರೆ ಮೊದಲ ಭಾಗದಿಂದ ಸುಮಾರು 1.4 ಮಿ.ಮೀ., ಎರಡನೆಯದರಿಂದ ಸುಮಾರು 27.1 ಮಿ.ಮೀ. ಹರಿವು ಬರುತ್ತದೆ, ಸರಾಸರಿ 14.3 ಮಿ.ಮೀ. ಈ ಎರಡು ಭಾಗಗಳನ್ನು ಬೇರೆಯಾಗಿ ಇಡದೆ ಅಂಕಿಗಳ ಸರಾಸರಿಯಾದ 75ನ್ನೇ ಇಡೀ ಪ್ರದೇಶಕ್ಕೆ ಕೊಟ್ಟರೆ ಬರುವ ಹರಿವು 9.3 ಮಿ.ಮೀ. ಮಾತ್ರ. ನೆಲವೂ ಅದೇ, ಮಳೆಯೂ ಅದೇ, ಸೂತ್ರವೂ ಅದೇ. ಆದರೂ ಸರಾಸರಿ ಮಾಡಿದ ಒಂದೇ ಕಾರಣಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಲೆಕ್ಕದಿಂದ ಮಾಯವಾಯಿತು.

ಅದೇ ನೆಲದ ಮೇಲೆ 150 ಮಿ.ಮೀ. ಮಳೆ ಬಿದ್ದರೆ ಚಿತ್ರವೇ ಬದಲಾಗುತ್ತದೆ. ಬೇರೆಬೇರೆಯಾಗಿ ಲೆಕ್ಕ ಹಾಕಿದರೆ ಸರಾಸರಿ ಹರಿವು ಸುಮಾರು 84 ಮಿ.ಮೀ., ಒಟ್ಟಾಗಿ ಹಾಕಿದರೆ ಸುಮಾರು 81.3 ಮಿ.ಮೀ. ವ್ಯತ್ಯಾಸ ಶೇಕಡಾ 3ರಷ್ಟಕ್ಕೆ ಇಳಿಯಿತು. ಕುಂಭದ್ರೋಣ ಮಳೆಯಲ್ಲಿ ಎಲ್ಲ ನೆಲವೂ ತೊಯ್ದು ಎಲ್ಲವೂ ಹರಿಯತೊಡಗುವುದರಿಂದ ನೆಲದ ವ್ಯತ್ಯಾಸಗಳು ಅಳಿಸಿಹೋಗುತ್ತವೆ. ಸಾಧಾರಣ ಮಳೆಯ ದಿನಗಳಲ್ಲೇ ಅವು ಎದ್ದು ಕಾಣುವುದು. ನಿಜವಾದ ಸ್ವಾಟ್ ಮಾದರಿಯಲ್ಲಿ ಈ ಅಂಕಿ ಮಣ್ಣಿನ ತೇವಾಂಶಕ್ಕೆ ತಕ್ಕಂತೆ ದಿನವೂ ಏರಿಳಿಯುತ್ತದೆ, ಆದ್ದರಿಂದ ಮೇಲಿನ ಲೆಕ್ಕವನ್ನು ಸರಳಗೊಳಿಸಿದ ಚಿತ್ರವೆಂದೇ ತಿಳಿಯಬೇಕು. ಆದರೂ ಅದು ತೋರಿಸುವ ದಿಕ್ಕು ಸರಿಯಾದದ್ದೇ. ಪ್ರವಾಹದ ಮಟ್ಟವನ್ನಷ್ಟೇ ಅಂದಾಜು ಮಾಡುವವರಿಗೆ ಸೂಕ್ಷ್ಮ ವಿವರದಿಂದ ಸಿಗುವ ಲಾಭ ಬಹಳ ಕಡಿಮೆಯಿರಬಹುದು. ವರ್ಷವಿಡೀ ಬರುವ ನೀರಿನ ಆಯವ್ಯಯವನ್ನು, ಅದರಲ್ಲೂ ಒಣ ಪ್ರದೇಶದ್ದನ್ನು, ಬರೆಯುವವರಿಗೆ ಅದು ಅತ್ಯಗತ್ಯವಾಗಬಹುದು.

ಹೀಗಿರುವಾಗ ಎಚ್‌ಆರ್‌ಯುಗಳನ್ನು ರೂಪಿಸುವ ಹಂತದಲ್ಲಿ ತಂತ್ರಾಂಶ ಕೇಳುವ ಮಿತಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಉಪಜಲಾನಯನದ ಶೇಕಡಾ ಇಷ್ಟಕ್ಕಿಂತ ಕಡಿಮೆ ಜಾಗದಲ್ಲಿರುವ ಭೂಬಳಕೆಯನ್ನು ಬಿಟ್ಟುಬಿಡು ಎಂದು ಹೇಳಿದರೆ, ಸ್ವಾಟ್ ಅದನ್ನು ಕೈಬಿಟ್ಟು ಅದರ ವಿಸ್ತೀರ್ಣವನ್ನು ಉಳಿದ ಭೂಬಳಕೆಗಳಿಗೆ ಪಾಲು ಮಾಡಿ ಹಂಚುತ್ತದೆ. ಆಮೇಲೆ ಮಣ್ಣಿಗೂ ಇಳಿಜಾರಿಗೂ ಇದೇ ಕ್ರಮ. ಘಟಕಗಳ ಸಂಖ್ಯೆ ಗಣನೀಯವಾಗಿ ಇಳಿದು ಲೆಕ್ಕ ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಹೀಗೆ ಹೊರಬೀಳುವವು ಯಾವುವು ಎಂದು ನೋಡಿದರೆ ಆತಂಕವಾಗುತ್ತದೆ: ಸಣ್ಣ ಜೌಗು ಪ್ರದೇಶಗಳು, ಹೊಳೆಯ ಅಂಚಿನ ಮರಗಳ ಸಾಲು, ರಸ್ತೆ ಮತ್ತು ಕಟ್ಟಡಗಳ ಗಟ್ಟಿ ನೆಲ, ಕಡಿದಾದ ಇಳಿಜಾರಿನಲ್ಲಿ ಬಿತ್ತಿದ ತುಂಡು ಹೊಲಗಳು. ವಿಸ್ತೀರ್ಣದಲ್ಲಿ ಇವು ಅಲ್ಪ. ಆದರೆ ಹರಿವನ್ನು ತಡೆಯುವುದರಲ್ಲಿ ಇಲ್ಲವೇ ಹೂಳನ್ನು ಹೊರಡಿಸುವುದರಲ್ಲಿ ಇವುಗಳ ಪಾಲು ವಿಸ್ತೀರ್ಣದ ಅಳತೆಗೆ ಸಿಗುವಂಥದ್ದಲ್ಲ. ಕೆಲವು ಭೂಬಳಕೆಗಳಿಗೆ ಈ ಮಿತಿಯಿಂದ ವಿನಾಯಿತಿ ಕೊಡುವ ಸೌಲಭ್ಯ ಸ್ವಾಟ್‌ನಲ್ಲಿದೆ. ಇಷ್ಟು ಉಪಯುಕ್ತವಾದ ಸೌಲಭ್ಯ ಕಣ್ಣಿಗೆ ಬೀಳದ ಮೂಲೆಯಲ್ಲಿ ಉಳಿದಿರುವುದು ಖೇದದ ಸಂಗತಿ.

ಹೂಳಿನ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಇಡೀ ತಂತ್ರಾಂಶದಲ್ಲಿ ನಾನು ಅತ್ಯಂತ ಕಾಳಜಿಯಿಂದ ಓದುಗರ ಗಮನಕ್ಕೆ ತರಬಯಸುವ ಭಾಗ ಇದೇ. ಮಣ್ಣಿನ ಸವಕಳಿಯನ್ನು ಸ್ವಾಟ್ ಲೆಕ್ಕ ಹಾಕುವ ಸೂತ್ರದಲ್ಲಿ ಮೇಲ್ಮೈ ಹರಿವಿನ ಪ್ರಮಾಣ, ಗರಿಷ್ಠ ಹರಿವಿನ ದರ ಮತ್ತು ಎಚ್‌ಆರ್‌ಯುವಿನ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ ಬಂದ ಮೊತ್ತವನ್ನು 0.56ರ ಘಾತಕ್ಕೆ ಏರಿಸಲಾಗುತ್ತದೆ. ಗರಿಷ್ಠ ಹರಿವು ಕೂಡ ವಿಸ್ತೀರ್ಣವನ್ನೇ ಅವಲಂಬಿಸಿರುವುದರಿಂದ ವಿಸ್ತೀರ್ಣ ಎರಡು ಬಾರಿ ಲೆಕ್ಕದೊಳಗೆ ಬರುತ್ತದೆ. ಅದರ ಒಟ್ಟು ಘಾತ 1.12 ಆಗುತ್ತದೆ. ಈ ಅಂಕಿ 1ಕ್ಕಿಂತ ಹೆಚ್ಚಾಗಿರುವುದರಲ್ಲೇ ಎಲ್ಲವೂ ಅಡಗಿದೆ. ಉಳಿದ ಅಂಶಗಳೆಲ್ಲ ಬದಲಾಗದೆ ಉಳಿದಿವೆ ಎಂದುಕೊಂಡು, ಒಂದೇ ಬಗೆಯ ನೆಲವನ್ನು ಹತ್ತು ಸಮಭಾಗ ಮಾಡಿ ಒಂದೊಂದರ ಸವಕಳಿಯನ್ನೂ ಲೆಕ್ಕ ಹಾಕಿ ಕೂಡಿಸಿದರೆ, ಭಾಗ ಮಾಡುವ ಮೊದಲು ಬರುತ್ತಿದ್ದ ಮೊತ್ತದ ಸುಮಾರು ಶೇಕಡಾ 76ರಷ್ಟು ಮಾತ್ರ ಬರುತ್ತದೆ. ಉಳಿದ ಶೇಕಡಾ 24ರಷ್ಟು ಮಣ್ಣು ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ. ನೆಲದ ಬಗ್ಗೆ ಹೊಸದಾಗಿ ಏನೂ ತಿಳಿದುಬಂದಿಲ್ಲ, ಗೆರೆ ಎಳೆದದ್ದಷ್ಟೇ ಹೊಸತು. ವಾಸ್ತವದಲ್ಲಿ ನೀರು ಒಟ್ಟುಗೂಡಲು ಬೇಕಾಗುವ ಸಮಯವೂ ಘಟಕದ ಗಾತ್ರದೊಂದಿಗೆ ಬದಲಾಗುವುದರಿಂದ ಈ ಪರಿಣಾಮ ಎಲ್ಲ ಕಡೆಯೂ ಇಷ್ಟೇ ಇರುವುದಿಲ್ಲ. ಆದರೆ ವಿಭಜನೆ ಎಂಬ ಕ್ರಿಯೆಯೇ ಉತ್ತರವನ್ನು ಸರಿಸುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಪ್ರಕಟವಾದ ಸಂಶೋಧನೆಗಳೂ ಇದೇ ಮಾತನ್ನು ಹೇಳುತ್ತವೆ. ಮಿಸಿಸಿಪಿಯ ಗುಡ್‌ವಿನ್ ಕ್ರೀಕ್ ಜಲಾನಯನದ ಮೇಲೆ ಬಿಂಗ್ನರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಪಜಲಾನಯನಗಳ ಸಂಖ್ಯೆ ಬದಲಾದರೂ ಹರಿವಿನ ಒಟ್ಟು ಪ್ರಮಾಣ ಹೆಚ್ಚೇನೂ ಬದಲಾಗಲಿಲ್ಲ, ಹೂಳಿನ ಪ್ರಮಾಣ ಮಾತ್ರ ಸ್ಪಷ್ಟವಾಗಿ ಬದಲಾಯಿತು. ಅಯೋವಾ ರಾಜ್ಯದ ನಾಲ್ಕು ಜಲಾನಯನಗಳ ಮೇಲೆ ಝಾ ಮತ್ತು ಸಂಗಡಿಗರು ನಡೆಸಿ 2004ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಉಪಜಲಾನಯನದ ಗಾತ್ರ ಒಟ್ಟು ವಿಸ್ತೀರ್ಣದ ಎಷ್ಟು ಪಾಲು ಇರಬೇಕು ಎಂಬುದನ್ನೇ ಸೂಚಿಸಿತು: ಹೂಳಿಗೆ ಸುಮಾರು ಶೇಕಡಾ 3, ನೈಟ್ರೇಟ್‌ಗೆ ಶೇಕಡಾ 2, ಅಜೈವಿಕ ರಂಜಕಕ್ಕೆ ಶೇಕಡಾ 5. ಈ ಅಂಕಿಗಳನ್ನು ಎಲ್ಲ ನೆಲಕ್ಕೂ ಹೊಂದುವ ನಿಯಮವೆಂದು ಹಿಡಿಯುವುದು ತಪ್ಪಾಗುತ್ತದೆ. ಆದರೆ ಹರಿವಿಗೆ ಸಾಕಾಗುವ ವಿವರ ಹೂಳಿಗೆ ಸಾಲದು, ಹೂಳಿಗೆ ಸಾಕಾಗುವಷ್ಟು ನೈಟ್ರೇಟ್‌ಗೆ ಸಾಲದು ಎಂಬ ತಾರತಮ್ಯವನ್ನು ಅವು ಚೆನ್ನಾಗಿ ತೋರಿಸುತ್ತವೆ. ವಿಸ್ಕಾನ್ಸಿನ್‌ನ ಫೆಸಂಟ್ ಬ್ರಾಂಚ್ ಮೇಲೆ ಫಿಟ್ಜ್‌ಹ್ಯೂ ಮತ್ತು ಮೆಕೆ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಸಂಗತಿ ಮತ್ತೂ ಗಮನಾರ್ಹ. ಅಲ್ಲಿ ವಿಭಜನೆಯ ಮಟ್ಟ ಬದಲಾದಂತೆ ಹೊಲಗಳಿಂದ ಹೊರಟ ಮಣ್ಣಿನ ಲೆಕ್ಕ ಬಹಳ ಬದಲಾಯಿತು. ಆದರೆ ಕೊನೆಯ ಮಾಪನ ಕೇಂದ್ರದಲ್ಲಿ ಸಿಕ್ಕ ಹೂಳಿನ ಲೆಕ್ಕ ಹೆಚ್ಚೇನೂ ಅಲುಗಲಿಲ್ಲ, ಏಕೆಂದರೆ ಆ ಹೊಳೆ ಎಷ್ಟನ್ನು ಹೊತ್ತೊಯ್ಯಬಲ್ಲದೋ ಅಷ್ಟನ್ನು ಮಾತ್ರ ಹೊತ್ತೊಯ್ಯುತ್ತಿತ್ತು. ಕೊನೆಯ ಕೇಂದ್ರದಲ್ಲಿ ಕುಳಿತು ನೋಡುವವರಿಗೆ ಮಾದರಿ ಸ್ಥಿರವಾಗಿದೆ ಎನಿಸುತ್ತದೆ; ಯಾವ ಹೊಲಕ್ಕೆ ಒಡ್ಡು ಹಾಕಬೇಕು ಎಂದು ಕೇಳುವವರಿಗೆ ಅದೇ ಮಾದರಿ ಪ್ರತಿ ಬಾರಿಯೂ ಬೇರೆ ಉತ್ತರ ಕೊಡುತ್ತಿರುತ್ತದೆ.

ಮಳೆಯ ವಿವರವನ್ನು ಸ್ವಾಟ್ ನಡೆಸಿಕೊಳ್ಳುವ ರೀತಿಯಲ್ಲಿಯೂ ಇಂಥದೇ ಒಂದು ಸೂಕ್ಷ್ಮವಿದೆ. ಪ್ರತಿ ಉಪಜಲಾನಯನದ ಮಧ್ಯಬಿಂದುವಿಗೆ ಅತ್ಯಂತ ಹತ್ತಿರವಿರುವ ಮಳೆಮಾಪಕ ಯಾವುದೋ ಅದರ ಅಂಕಿಗಳನ್ನೇ ಇಡೀ ಉಪಜಲಾನಯನಕ್ಕೆ ಅನ್ವಯಿಸಲಾಗುತ್ತದೆ. ನಾಲ್ಕು ಮಾಪಕಗಳಿರುವ ಪ್ರದೇಶವನ್ನು ಒಂದೇ ಘಟಕವಾಗಿ ಇಟ್ಟರೆ ಮೂರು ಮಾಪಕಗಳ ದಾಖಲೆ ಲೆಕ್ಕಕ್ಕೇ ಬರುವುದಿಲ್ಲ. ಇಪ್ಪತ್ತು ಭಾಗ ಮಾಡಿದರೆ ನಾಲ್ಕೂ ಕೆಲಸಕ್ಕೆ ಬರಬಹುದು. ಆಗ ಮಾದರಿಯ ಲೆಕ್ಕ ನಿಜವಾದ ಅಳತೆಗೆ ಎಷ್ಟು ಹೊಂದಿತು ಎಂದು ಹೇಳುವ ಅಂಕ ಏರಿದರೆ, ಅದು ನೆಲವನ್ನು ಸೂಕ್ಷ್ಮವಾಗಿ ವಿಂಗಡಿಸಿದ್ದರ ಫಲವೋ, ಕೈಯಲ್ಲೇ ಇದ್ದ ಮಳೆಯ ಮಾಹಿತಿಯನ್ನು ಕೊನೆಗೂ ಬಳಸಿದ್ದರ ಫಲವೋ? ಈ ಎರಡನ್ನು ಬೇರ್ಪಡಿಸದೆ ಬರೆದ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ಬೇರ್ಪಡಿಸುವುದು ಕಷ್ಟವೂ ಅಲ್ಲ. ಎಲ್ಲ ಮಾಪಕಗಳಿಂದ ಪ್ರದೇಶದ ಸರಾಸರಿ ಮಳೆಯನ್ನು ಮೊದಲೇ ಲೆಕ್ಕ ಹಾಕಿ, ಎಲ್ಲ ವಿಭಜನೆಗಳಿಗೂ ಅದನ್ನೇ ಕೊಟ್ಟು ಒಮ್ಮೆ ನೋಡಿದರೆ ನೆಲದ ಪಾಲು ಎಷ್ಟು, ಮಳೆಯ ಪಾಲು ಎಷ್ಟು ಎಂಬುದು ತಿಳಿದುಬಿಡುತ್ತದೆ.

ಉಪಗ್ರಹಗಳಿಂದ ಬರುವ ಮಳೆಯ ಅಂಕಿಗಳ ಚೌಕಗಳು ಈಗ 0.1 ಡಿಗ್ರಿಗೂ, ಅಂದರೆ ಸಮಭಾಜಕದ ಬಳಿ ಸುಮಾರು 11 ಕಿಲೋಮೀಟರ್‌ಗೂ, ಕೆಲವು ದತ್ತಾಂಶಗಳಲ್ಲಿ ಅದರ ಅರ್ಧಕ್ಕೂ ಇಳಿದಿವೆ. ಮಾಪಕಗಳು ವಿರಳವಾಗಿರುವ ಕಡೆ ಇವು ದೊಡ್ಡ ಆಸರೆ. ಹಾಗೆಂದು, ಎರಡೇ ಮಾಪಕಗಳ ಅಂಕಿಗಳನ್ನು ನಡುವೆ ಹರಡಿ ಮಾಡಿದ ಚೌಕಗಳ ನಕ್ಷೆಯನ್ನು ಸೂಕ್ಷ್ಮ ಮಾಹಿತಿ ಎಂದು ಕರೆಯಲಾಗದು. ಚೌಕ ಚಿಕ್ಕದಾದ ಮಾತ್ರಕ್ಕೆ ಮಾಹಿತಿ ಹೆಚ್ಚಾಗುವುದಿಲ್ಲ.

ಮಣ್ಣಿನ ನಕ್ಷೆಗಳ ವಿಷಯದಲ್ಲಿ ಈ ಮಾತು ಇನ್ನೂ ಕಟುವಾಗಿ ನಿಜವಾಗುತ್ತದೆ. ಸ್ಥಳೀಯ ಮಣ್ಣು ಸಮೀಕ್ಷೆ ಸಿಗದವರು ಬಹುಪಾಲು ಆಶ್ರಯಿಸುವುದು ಸುಮಾರು 1 ಕಿಲೋಮೀಟರ್ ಚೌಕಗಳಲ್ಲಿ ದೊರೆಯುವ ಜಾಗತಿಕ ಮಣ್ಣಿನ ದತ್ತಾಂಶವನ್ನು. ಆದರೆ ಅದರ ಮೊದಲ ಆವೃತ್ತಿಗಳಲ್ಲಿ ಜಗತ್ತಿನ ಹಲವು ಭಾಗಗಳ ಮಾಹಿತಿ ಬಂದಿರುವುದು 1:50,00,000 ಪ್ರಮಾಣದ ಹಳೆಯ ನಕ್ಷೆಯಿಂದ. ಆ ಪ್ರಮಾಣದಲ್ಲಿ ಕಾಗದದ ಮೇಲಿನ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 5 ಕಿಲೋಮೀಟರ್. ಎರಡು ಬಗೆಯ ಮಣ್ಣುಗಳ ನಡುವೆ ಎಳೆದ ಗೆರೆಯ ದಪ್ಪವೇ ಒಂದು ಸಣ್ಣ ಉಪಜಲಾನಯನವನ್ನು ನುಂಗಬಲ್ಲದು. ಅಂಥ ನಕ್ಷೆಯನ್ನು 30 ಮೀಟರ್‌ನ ಎತ್ತರ ನಕ್ಷೆಯ ಮೇಲೂ 10 ಮೀಟರ್‌ನ ಭೂಬಳಕೆ ನಕ್ಷೆಯ ಮೇಲೂ ಹೊದಿಸಿದಾಗ ಸ್ವಾಟ್ ಯಾವ ಆಕ್ಷೇಪವನ್ನೂ ಎತ್ತದೆ ಸಾವಿರಾರು ಎಚ್‌ಆರ್‌ಯುಗಳನ್ನು ತಯಾರಿಸಿ ಕೊಡುತ್ತದೆ. ಅವುಗಳಲ್ಲಿ ಪ್ರತಿಯೊಂದಕ್ಕೂ ಮಣ್ಣಿನ ಆಳ, ನೀರು ಹಿಡಿದಿಡುವ ಸಾಮರ್ಥ್ಯ, ನೀರು ಹರಿಯಬಿಡುವ ಗುಣ ಎಲ್ಲವೂ ದಶಮಾಂಶದವರೆಗೆ ಬರೆದಿರುತ್ತದೆ. ಒಳಸುರಿಗಳ ಪ್ರಮಾಣಗಳು ಇಷ್ಟು ಅಸಮವಾಗಿವೆ ಎಂಬ ಒಂದು ಸಾಲಿನ ಎಚ್ಚರಿಕೆಯಾದರೂ ಆ ಹಂತದಲ್ಲಿ ಪರದೆಯ ಮೇಲೆ ಬರಬೇಕಿತ್ತು. ಇದು ಈ ತಂತ್ರಾಂಶದ ಮೇಲೆ ನನ್ನ ಮುಖ್ಯ ಆಕ್ಷೇಪ.

ಎತ್ತರ ನಕ್ಷೆಯ ಸೂಕ್ಷ್ಮತೆಯ ಪರಿಣಾಮವನ್ನು ಬಹಳ ಹಿಂದೆಯೇ ಗುರುತಿಸಲಾಗಿದೆ. ಝಾಂಗ್ ಮತ್ತು ಮಾಂಟ್‌ಗೊಮೆರಿ 1994ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಗುಡ್ಡಗಾಡಿನ ನೆಲದಲ್ಲಿ ನಡೆಯುವ ಪ್ರಕ್ರಿಯೆಗಳನ್ನು ಹಿಡಿಯಲು 10 ಮೀಟರ್ ಚೌಕಗಳು ಒಂದು ಸಮಂಜಸವಾದ ಹೊಂದಾಣಿಕೆ ಎಂದು ಹೇಳಿದ್ದಾರೆ. ಚೌಕ ದೊಡ್ಡದಾದಂತೆ ಕಡಿದಾದ ಇಳಿಜಾರುಗಳು ಲೆಕ್ಕದಲ್ಲಿ ಚಪ್ಪಟೆಯಾಗುತ್ತವೆ, ಸಣ್ಣ ಕಣಿವೆಗಳು ತುಂಬಿಹೋಗುತ್ತವೆ, ಇಳಿಜಾರನ್ನು ಅವಲಂಬಿಸಿದ ಸವಕಳಿಯ ಅಂದಾಜು ಇಳಿಯುತ್ತದೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎತ್ತರದ ಅಂಕಿಗಳು ಬಹುಕಾಲ 90 ಮೀಟರ್ ಚೌಕಗಳಲ್ಲಿ ಮಾತ್ರ ಜಗತ್ತಿಗೆ ಸಿಗುತ್ತಿದ್ದವು. 2014ರಿಂದೀಚೆಗೆ 30 ಮೀಟರ್‌ನವು ಬಿಡುಗಡೆಯಾದವು. ಬೆಟ್ಟದ ಪ್ರದೇಶದಲ್ಲಿ ಈ ಬದಲಾವಣೆಯಿಂದ ನಿಜವಾದ ಪ್ರಯೋಜನವಿದೆ. ಬಯಲಿನಲ್ಲಿ ಪ್ರಯೋಜನ ಕಡಿಮೆ, ಏಕೆಂದರೆ ಅಲ್ಲಿ ನೆಲದ ಏರಿಳಿತಕ್ಕಿಂತ ಅಳತೆಯ ದೋಷವೇ ದೊಡ್ಡದಾಗಿರಬಹುದು. ಮರಗಳ ನೆತ್ತಿಯನ್ನೇ ನೆಲವೆಂದು ಅಳೆದ ಜಾಗಗಳಲ್ಲಿ ತೊರೆ ಇಲ್ಲದ ಕಡೆಗೆ ತೊರೆ ಮೂಡುವುದೂ ಉಂಟು. ಅಳೆದು ಬರೆದ ತೊರೆಗಳ ನಕ್ಷೆ ಕೈಯಲ್ಲಿದ್ದರೆ ಅದನ್ನು ಎತ್ತರ ನಕ್ಷೆಯೊಳಗೆ ಕೊರೆದು ಸೇರಿಸುವ ಸೌಲಭ್ಯವನ್ನು ಸ್ವಾಟ್ ಒದಗಿಸಿದೆ, ಅದನ್ನು ಬಳಸಲೇಬೇಕು.

ಇಷ್ಟೆಲ್ಲ ವಿವರವನ್ನು ಕೊಟ್ಟ ಮೇಲೆ ಮಾದರಿಯ ಕಾರ್ಯಕ್ಷಮತೆಯನ್ನು ಅಳೆಯುವುದು ಹೇಗೆ? ವಾಡಿಕೆಯ ಅಳತೆಗೋಲು ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಕೊಟ್ಟದ್ದು. ಅದರಲ್ಲಿ 1 ಬಂದರೆ ಲೆಕ್ಕ ಅಳತೆಗೆ ಪೂರ್ತಿ ಹೊಂದಿತು, 0 ಬಂದರೆ ಅಳತೆಗಳ ಸರಾಸರಿಯನ್ನೇ ಪ್ರತಿದಿನಕ್ಕೂ ಬರೆದಿಟ್ಟಿದ್ದರೂ ಇಷ್ಟೇ ಫಲ ಸಿಗುತ್ತಿತ್ತು ಎಂದರ್ಥ. ತಿಂಗಳ ಲೆಕ್ಕದಲ್ಲಿ 0.50ಕ್ಕಿಂತ ಹೆಚ್ಚು ಅಂಕ ಬಂದು, ಹರಿವಿನ ಒಟ್ಟು ವ್ಯತ್ಯಾಸ ಶೇಕಡಾ 25ರೊಳಗೆ ಇದ್ದರೆ ಮಾದರಿ ತೃಪ್ತಿಕರ ಎಂದು ಮೊರಿಯಾಸಿ ಮತ್ತು ಸಂಗಡಿಗರು 2007ರಲ್ಲಿ ಸೂಚಿಸಿದ್ದನ್ನು ಸ್ವಾಟ್ ಬಳಕೆದಾರರೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ. ಈ ಅಳತೆಗೋಲಿನಲ್ಲಿ ವ್ಯತ್ಯಾಸಗಳನ್ನು ವರ್ಗ ಮಾಡುವುದರಿಂದ ದೊಡ್ಡ ಹರಿವಿನ ದಿನಗಳೇ ಅಂಕವನ್ನು ನಿರ್ಧರಿಸುತ್ತವೆ. ನೆಲದ ವಿವರ ಅತಿ ಕಡಿಮೆ ಲೆಕ್ಕಕ್ಕೆ ಬರುವುದೂ ಅದೇ ದಿನಗಳಲ್ಲಿ ಎಂಬುದನ್ನು ಮೇಲಿನ ಕರ್ವ್ ನಂಬರ್ ಲೆಕ್ಕದಲ್ಲಿ ನೋಡಿದೆವು. ಹೀಗಾಗಿ ವಿವರ ಎಲ್ಲಿ ಪ್ರಯೋಜನಕ್ಕೆ ಬರುತ್ತದೆಯೋ ಅಲ್ಲಿ ಈ ಅಳತೆಗೋಲಿಗೆ ಕಣ್ಣು ಮಂದ. ಕೊನೆಯ ಕೇಂದ್ರದ ಹರಿವೊಂದನ್ನೇ ಹಿಡಿದು, ಸೂಕ್ಷ್ಮ ವಿಭಜನೆಯಿಂದ ಅಂಕ ಏರಲಿಲ್ಲ, ಆದ್ದರಿಂದ ವಿವರ ಬೇಕಿಲ್ಲ ಎಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ.

ಇದಕ್ಕೆ ಕ್ಯಾಲಿಬ್ರೇಶನ್, ಅಂದರೆ ಲೆಕ್ಕ ಅಳತೆಗೆ ಹೊಂದುವಂತೆ ಮಾದರಿಯೊಳಗಿನ ಅಂಕಿಗಳನ್ನು ತಿದ್ದಿ ಸರಿಹೊಂದಿಸುವ ಕೆಲಸ, ಇನ್ನೊಂದು ಮುಸುಕನ್ನು ಹೊದಿಸುತ್ತದೆ. ಹತ್ತು ಉಪಜಲಾನಯನಗಳ ಮಾದರಿಯನ್ನೂ ನೂರರ ಮಾದರಿಯನ್ನೂ ಬೇರೆಬೇರೆಯಾಗಿ ಹೊಂದಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ ಅಂಕಕ್ಕೆ ಬಂದು ನಿಲ್ಲುವುದು ಸಾಮಾನ್ಯ. ಹರಿವಿನ ವಿಳಂಬ, ಮಣ್ಣಿನ ನೀರು ಹಿಡಿಯುವ ಸಾಮರ್ಥ್ಯ, ಆವಿಯಾಗುವಿಕೆಯ ಹೊಂದಾಣಿಕೆ ಮುಂತಾದ ನಿಯತಾಂಕಗಳು ವಿಭಜನೆಯಿಂದಾದ ವ್ಯತ್ಯಾಸವನ್ನು ಸದ್ದಿಲ್ಲದೆ ತಮ್ಮೊಳಗೆ ತೆಗೆದುಕೊಂಡಿರುತ್ತವೆ. ಬೇರೆಬೇರೆ ನಿಯತಾಂಕಗಳ ಗುಂಪುಗಳು ಒಂದೇ ಮಟ್ಟದ ಫಲ ಕೊಡುವ ಈ ಪರಿಸ್ಥಿತಿಯ ಬಗ್ಗೆ ಜಲವಿಜ್ಞಾನಿ ಕೀತ್ ಬೆವೆನ್ ದಶಕಗಳಿಂದ ಎಚ್ಚರಿಸುತ್ತ ಬಂದಿದ್ದಾರೆ. ಸ್ವಾಟ್‌ಗಾಗಿ ಕರೀಂ ಅಬ್ಬಾಸ್‌ಪೂರ್ ಅವರು ರೂಪಿಸಿದ ಸ್ವಾಟ್-ಕಪ್ ಎಂಬ ಜೊತೆ ತಂತ್ರಾಂಶ ಈ ವಿಷಯದಲ್ಲಿ ಮೆಚ್ಚುವಂಥದ್ದು. ಒಂದೇ ಉತ್ತಮ ಉತ್ತರವನ್ನು ಕೊಡುವುದರ ಬದಲು ಕನಿಷ್ಠದಿಂದ ಗರಿಷ್ಠದವರೆಗಿನ ಉತ್ತರಗಳ ಒಂದು ಪಟ್ಟೆಯನ್ನೇ ಎಳೆದು, ಅಳತೆಗಳಲ್ಲಿ ಎಷ್ಟು ಪಾಲು ಅದರೊಳಗೆ ಬಿತ್ತು, ಪಟ್ಟೆ ಎಷ್ಟು ಅಗಲವಿದೆ ಎಂಬುದನ್ನು ಅದು ತೋರಿಸುತ್ತದೆ. ಕರ್ವ್ ನಂಬರಿನಂಥ ನಿಯತಾಂಕವನ್ನು ಎಲ್ಲ ಘಟಕಗಳಲ್ಲೂ ಒಂದೇ ಶೇಕಡಾವಾರು ಪ್ರಮಾಣದಲ್ಲಿ ಏರಿಸುವ ಇಲ್ಲವೇ ಇಳಿಸುವ ಆಯ್ಕೆಯೂ ಅದರಲ್ಲಿದೆ. ಇದರಿಂದ ಕಾಡಿಗೂ ಹೊಲಕ್ಕೂ ಇರುವ ವ್ಯತ್ಯಾಸ ಅಳಿಯದೆ ಉಳಿಯುತ್ತದೆ. ಆ ಆಯ್ಕೆಯನ್ನು ಬಿಟ್ಟು ಎಲ್ಲ ಎಚ್‌ಆರ್‌ಯುಗಳಿಗೂ ಒಂದೇ ಅಂಕಿಯನ್ನು ತುಂಬಿದರೆ ಅಷ್ಟು ಶ್ರಮಪಟ್ಟು ಸೇರಿಸಿದ ನೆಲದ ವಿವರವನ್ನು ಕೈಯಾರೆ ಒರೆಸಿಹಾಕಿದಂತೆ.

ಸಮಯದ ಲೆಕ್ಕವನ್ನೂ ಹೇಳಬೇಕು. ಕ್ಯಾಲಿಬ್ರೇಶನ್‌ಗೆ ಮಾದರಿಯನ್ನು ಸಾವಿರ ಬಾರಿ ಓಡಿಸಬೇಕಾದರೆ, ಒಂದು ಓಟಕ್ಕೆ ಒಂದು ನಿಮಿಷ ಹಿಡಿಯುವ ಮಾದರಿಗೆ ಸುಮಾರು 17 ಗಂಟೆ ಸಾಕು. ಹತ್ತು ನಿಮಿಷ ಹಿಡಿಯುವ ಮಾದರಿಗೆ ಸುಮಾರು ಏಳು ದಿನ ಬೇಕು. ಅತಿಯಾದ ವಿವರವಿರುವ ಮಾದರಿಯನ್ನು ಜನ ಕಡಿಮೆ ಬಾರಿ ಓಡಿಸಿ, ಕಡಿಮೆ ಪರೀಕ್ಷಿಸಿ ಮುಗಿಸಿಬಿಡುತ್ತಾರೆ.

ಬೇರೆ ಮಾದರಿಗಳ ಜೊತೆ ಹೋಲಿಸಿದರೆ ಸ್ವಾಟ್ ಎಲ್ಲಿ ನಿಲ್ಲುತ್ತದೆ? ಮೈಕ್ ಶೀ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕದಿಂದ ಚೌಕಕ್ಕೆ ನೀರು ಹೇಗೆ ಚಲಿಸುತ್ತದೆ ಎಂಬುದನ್ನು ಭೌತ ಸಮೀಕರಣಗಳಿಂದ ಬಿಡಿಸುತ್ತದೆ. ಅದಕ್ಕೆ ಬೇಕಾದ ಮಾಹಿತಿಯೂ ಅಷ್ಟೇ ಹೆಚ್ಚು. ಬೆವೆನ್ ಮತ್ತು ಕರ್ಕ್‌ಬಿ 1979ರಲ್ಲಿ ಪ್ರಕಟಿಸಿದ ಟಾಪ್‌ಮಾಡೆಲ್, ನೆಲದ ಆಕಾರದಿಂದ ಒಂದು ಸೂಚ್ಯಂಕವನ್ನು ತೆಗೆದು ಯಾವ ಜಾಗ ಮೊದಲು ತೊಯ್ದು ನೀರು ಬಿಡುತ್ತದೆ ಎಂಬುದನ್ನು ಬಹಳ ಮಿತವಾದ ನಿಯತಾಂಕಗಳಿಂದಲೇ ಹೇಳುತ್ತದೆ. ವಿಐಸಿ ದೊಡ್ಡ ಚೌಕಗಳನ್ನಿಟ್ಟುಕೊಂಡು ಒಳಗಿನ ವೈವಿಧ್ಯವನ್ನು ಒಂದು ವಕ್ರರೇಖೆಯಲ್ಲಿ ಹಿಡಿದಿಡುತ್ತದೆ. ಹೊಲದಲ್ಲಿ ಯಾವ ಬೆಳೆ, ಯಾವಾಗ ಉಳುಮೆ, ಎಷ್ಟು ಗೊಬ್ಬರ ಎಂಬ ಬೇಸಾಯದ ವಿವರಗಳನ್ನು ಸ್ವಾಟ್‌ನಷ್ಟು ಚೆನ್ನಾಗಿ ಒಳಗೊಳ್ಳುವ ಶಕ್ತಿ ಈ ಮೂರರಲ್ಲಿ ಯಾವುದಕ್ಕೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ನಿಜವಾದ ಬಲ ಇಲ್ಲಿದೆ.

ವಿವರ ಹೆಚ್ಚಿದರೆ ಮುನ್ಸೂಚನೆ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಯನ್ನು ನೇರವಾಗಿ ಕೇಳಿದ ದೊಡ್ಡ ಪ್ರಯತ್ನ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ನಡೆಸಿದ ಡಿಎಂಐಪಿ ಯೋಜನೆ. ಅದರಲ್ಲಿ 12 ವಿತರಿತ ಮಾದರಿಗಳನ್ನು, ಅಂದರೆ ನೆಲವನ್ನು ಹಲವು ಭಾಗಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ಮಾದರಿಗಳನ್ನು, ಇಡೀ ಜಲಾನಯನವನ್ನು ಒಂದೇ ಘಟಕವಾಗಿ ಕಾಣುವ ಹಳೆಯ ಮಾದರಿಯೊಂದಿಗೆ ಹೋಲಿಸಲಾಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೆಚ್ಚು ಸಂದರ್ಭಗಳಲ್ಲಿ ಮೇಲುಗೈ ಸಾಧಿಸಿದ್ದು ಆ ಹಳೆಯ ಮಾದರಿಯೇ. ಚೆನ್ನಾಗಿ ಹೊಂದಿಸಿದ ಕೆಲವು ವಿತರಿತ ಮಾದರಿಗಳು ಮಾತ್ರ ಅದಕ್ಕೆ ಸರಿಸಾಟಿಯಾದವು ಅಥವಾ ಅದನ್ನು ಮೀರಿದವು. ಒಕ್ಲಹೋಮಾದ ಬ್ಲೂ ನದಿಯಲ್ಲಿ ಮಾತ್ರ ವಿವರದ ಲಾಭ ಸ್ಪಷ್ಟವಾಗಿ ಕಂಡಿತು. ಆ ಜಲಾನಯನ ಉದ್ದಕ್ಕೆ ಕಿರಿದಾಗಿ ಚಾಚಿಕೊಂಡಿದೆ. ಮಳೆ ಮೇಲ್ತುದಿಯಲ್ಲಿ ಬಿತ್ತೋ ಕೆಳತುದಿಯಲ್ಲಿ ಬಿತ್ತೋ ಎಂಬುದರ ಮೇಲೆ ಹರಿವಿನ ಆಕಾರವೇ ಬದಲಾಗುತ್ತದೆ. ವಿವರ ಯಾವ ನೆಲದಲ್ಲಿ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಸ್ವಾಟ್ ಪ್ಲಸ್ ಎಂಬ ಹೊಸ ಆವೃತ್ತಿ ಈ ವಿಮರ್ಶೆಯ ಕೆಲವು ಆಕ್ಷೇಪಗಳಿಗೆ ಉತ್ತರ ಕೊಟ್ಟಿದೆ. ಉಪಜಲಾನಯನಕ್ಕೂ ಎಚ್‌ಆರ್‌ಯುಗೂ ನಡುವೆ ಭೂದೃಶ್ಯ ಘಟಕ ಎಂಬ ಹೊಸ ಹಂತ ಬಂದಿದ್ದು, ಎತ್ತರದ ನೆಲವನ್ನೂ ಹೊಳೆಯಂಚಿನ ತಗ್ಗು ನೆಲವನ್ನೂ ಬೇರ್ಪಡಿಸಿ, ಮೇಲಿನ ನೀರು ತಗ್ಗಿನ ಮೇಲೆ ಹಾದು ಹೊಳೆ ಸೇರುವಂತೆ ಮಾಡಬಹುದು. ಯಾವುದರಿಂದ ಯಾವುದಕ್ಕೆ ಎಷ್ಟು ನೀರು ಹೋಗಬೇಕು ಎಂಬ ಸಂಬಂಧಗಳನ್ನು ಬಳಕೆದಾರರೇ ಬರೆಯಬಹುದು. ಉಚಿತ ನಕ್ಷಾ ತಂತ್ರಾಂಶವಾದ ಕ್ಯೂಜಿಐಎಸ್‌ನೊಳಗೇ ಕೆಲಸ ಮಾಡುವುದರಿಂದ ದುಬಾರಿ ಪರವಾನಗಿಯ ತೊಡಕೂ ಇಲ್ಲ. ಹಳೆಯ ಆವೃತ್ತಿಯಲ್ಲಿ ಕಳೆದುಹೋಗಿದ್ದ ಸ್ಥಾನ ಎಂಬ ಅಂಶ ಇಲ್ಲಿ ಭಾಗಶಃ ಮರಳಿದೆ. ಆದರೂ ಮಿತಿಗಳ ಆಯ್ಕೆ ಬಳಕೆದಾರರ ತಲೆಯ ಮೇಲೇ ಉಳಿದಿದೆ. ಕರ್ವ್ ನಂಬರ್ ವಿಧಾನವೂ ಮುಂದುವರಿದಿದೆ.

ಹೊಸದಾಗಿ ಕೆಲಸ ಆರಂಭಿಸುವವರು ನೇರವಾಗಿ ಸ್ವಾಟ್ ಪ್ಲಸ್ ಅನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಶಿಫಾರಸು. ದೊಡ್ಡ ಜಲಾನಯನದ ತಿಂಗಳ ಹರಿವಷ್ಟೇ ಬೇಕಾದವರು ಒರಟು ವಿಭಜನೆಯಲ್ಲೇ ನೆಮ್ಮದಿಯಿಂದ ಕೆಲಸ ಮಾಡಬಹುದು. ಅವರ ಶ್ರಮ ಮಳೆಯ ಮಾಹಿತಿಯನ್ನು ಉತ್ತಮಪಡಿಸುವುದಕ್ಕೆ ಹೋಗಲಿ. ಹೂಳು ಮತ್ತು ಪೋಷಕಾಂಶಗಳ ಲೆಕ್ಕ ಬೇಕಾದವರು ಕನಿಷ್ಠ ಮೂರು ಮಟ್ಟದ ವಿಭಜನೆಗಳಲ್ಲಿ ಮಾದರಿಯನ್ನು ಕಟ್ಟಿ, ಕ್ಯಾಲಿಬ್ರೇಶನ್ ಮಾಡುವ ಮೊದಲೇ ಉತ್ತರ ಎಷ್ಟು ಸರಿಯುತ್ತದೆ ಎಂಬುದನ್ನು ನೋಡಬೇಕು, ಅದನ್ನು ವರದಿಯಲ್ಲಿ ಬರೆಯಬೇಕು. ಯಾವ ಹೊಲದಿಂದ ಮಣ್ಣು ಹೋಗುತ್ತಿದೆ ಎಂದು ತೋರಿಸುವ ನಕ್ಷೆಯನ್ನು ಆಡಳಿತಕ್ಕೆ ಒಪ್ಪಿಸುವವರ ಹೊಣೆ ಇನ್ನೂ ದೊಡ್ಡದು. ಒಳಗಿನ ಒಂದೆರಡು ತೊರೆಗಳಲ್ಲಾದರೂ ಹರಿವನ್ನೂ ಹೂಳನ್ನೂ ಅಳೆದು ಹೋಲಿಸದೆ, ಕೊನೆಯ ಕೇಂದ್ರದ ಅಂಕವೊಂದನ್ನೇ ಮುಂದಿಟ್ಟು ಅಂಥ ನಕ್ಷೆಯನ್ನು ಕೊಡಬಾರದು. ಸ್ವಾಟ್‌ನ ಸಿದ್ಧಾಂತ ಕೈಪಿಡಿ 600ಕ್ಕೂ ಹೆಚ್ಚು ಪುಟಗಳಷ್ಟಿದ್ದು ಪ್ರತಿ ಸಮೀಕರಣವನ್ನೂ ತೆರೆದು ತೋರಿಸುತ್ತದೆ. ಅದರಲ್ಲಿ ಬೇರೇನನ್ನೂ ಓದಲು ಬಿಡುವಿಲ್ಲದವರು ಮೇಲ್ಮೈ ಹರಿವು ಮತ್ತು ಸವಕಳಿಯ ಅಧ್ಯಾಯಗಳನ್ನಾದರೂ ಮೊದಲ ಉಪಜಲಾನಯನದ ಗೆರೆ ಎಳೆಯುವ ಮುನ್ನ ಓದಿ ಮುಗಿಸಲಿ.